ಕೋಲು ಮೇಡಂ

ಕಾಲುಚೀಲ ಹಿಮ್ಮಡಿ ದಾಟುತ್ತಿರಲಿಲ್ಲ. ತಂಗಿ ಎರಡು ಸಲ ಎಳೆದು ನೋಡಿ, ಸೋತು, ಕ್ಲಿನಿಕ್ಕಿನ ಬಿಳಿ ಕೋಟಿನಲ್ಲೇ ಬಂದು ಬಾಗಿಲ ಬಳಿ ನಿಂತಿದ್ದ ದಂತವೈದ್ಯೆಯನ್ನು ಕರೆದಳು.

"ಬಾರಮ್ಮ ಇಲ್ಲಿ, ಸ್ವಲ್ಪ ಪಾದ ಎತ್ತಿ ಹಿಡ್ಕೋ. ಕಾಲು ತಣ್ಣಗಿದ್ರೆ ಅಕ್ಕನಿಗೆ ನಿದ್ದೆ ಬರ್ತಿರ್ಲಿಲ್ಲ."

ಮಂಚದ ಮೇಲೆ ಮಲಗಿಸಿದ್ದು ಆ ಅಕ್ಕನನ್ನು, ತೀರಿಕೊಂಡಿದ್ದ ಕಾಲೇಜಿನ ಈಜು ತರಬೇತುದಾರರನ್ನು. ಉದ್ದನೆಯ ಕೋಲು ಹಿಡಿದು ಕೊಳದ ಅಂಚಿನಲ್ಲೇ ಓಡಾಡುತ್ತಿದ್ದುದರಿಂದ ಹುಡುಗಿಯರ ಬಾಯಲ್ಲಿ ಅವರು ಕೋಲು ಮೇಡಂ ಆಗಿದ್ದರು. ನಿಜವಾದ ಹೆಸರು ಹಿಡಿದು ಕರೆದರೆ ಅವರೇ ಒಮ್ಮೊಮ್ಮೆ ತಿರುಗುತ್ತಿರಲಿಲ್ಲ.

ಪ್ರಿನ್ಸಿಪಾಲರು ಒಳಗೆ ಇಣುಕಿ ಪಿಸುಗುಟ್ಟಿದರು. "ಡಾಕ್ಟ್ರೇ, ಈ ಸಲನಾದ್ರೂ ಹೂಂ ಅಂತೀರಾ? ಮಣ್ಣು ಮಾಡೋಕೆ ಮುಂಚೆ ಎಲ್ಲರ ಎದುರಿಗೆ ಹೇಳಿಬಿಡ್ತೀನಿ."

ಕೇಳಿದ್ದು ಕೀರ್ತಿಭವನದ ವಿಷಯ. ಭವನವೆನ್ನುವುದು ಬಾಯಿತುಂಬ ಹೇಳಲಿಕ್ಕೆ ಅಷ್ಟೇ. ಇರುವುದು ಮೈದಾನದ ಪಕ್ಕದ ಒಂದು ಕಾರಿಡಾರು. ಕಾಲೇಜಿನ ಹಳೆಯ ಆಟಗಾರರ, ತರಬೇತುದಾರರ ಫೋಟೊಗಳನ್ನು ಅಲ್ಲಿ ಹಾಕುತ್ತಾರೆ. ಆರಿಸುವ ಸಮಿತಿಯಲ್ಲಿ ಹಳೆಯ ಆಟಗಾರರು ಮೂವರು, ಮೂವರೂ ಒಪ್ಪಬೇಕು. ಕೋಲು ಮೇಡಂ ಹೆಸರು ವರ್ಷ ವರ್ಷವೂ ಬರುತ್ತಿತ್ತು, ಮೂವರಲ್ಲೊಬ್ಬಳಾದ ದಂತವೈದ್ಯೆ ವರ್ಷ ವರ್ಷವೂ ಬೇಡ ಎನ್ನುತ್ತಿದ್ದಳು. ಕಾರಣ ಕೇಳಿದರೆ ತುಟಿಪಿಟಕ್ಕೆನ್ನುತ್ತಿರಲಿಲ್ಲ.

"ತಾಳಿ ಸರ್," ಎಂದಳು ಈಗಲೂ.

*

ದಂತವೈದ್ಯೆಗೆ ಆಗ ಹದಿನೇಳು. ಕೊಳದ ಆಳದ ಕಡೆ ಈಜುತ್ತಿದ್ದಾಗ ಮೀನಖಂಡ ಹಿಡಿದುಕೊಂಡಿತು. ಮುಳುಗಿ ಎದ್ದಾಗ ಕಂಡವರು ಮೇಡಂ. ಅಂಚಿನಲ್ಲಿ ಮಂಡಿಯೂರಿ ಕೋಲು ಚಾಚಿದ್ದರು, ಕೋಲು ಎಟುಕಲಿಲ್ಲ. "ಹಿಡ್ಕೋ, ಹಿಡ್ಕೋ!" ಎಂದು ಕಿರುಚುತ್ತಿದ್ದರೇ ಹೊರತು ನೀರಿಗೆ ಇಳಿಯಲಿಲ್ಲ. ಎರಡನೆಯ ಸಲ ಎದ್ದಾಗಲೂ ಅಲ್ಲೇ ಇದ್ದರು. ಕೊನೆಗೆ ಹಾರಿ ಎಳೆದು ತಂದವನು ಕೊಳ ತೊಳೆಯುವ ಕೆಲಸದವನು.

ಮಾರನೆಯ ದಿನ ಮೇಡಂ ಎಂದಿನಂತೆ ಬಂದು ಸೀಟಿ ಊದಿದರು. ಹೇಗಿದ್ದೀಯ ಎಂದೂ ಕೇಳಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಅವಳು ಈಜು ಬಿಡಲಿಲ್ಲ, ಪದಕಗಳನ್ನೂ ಗೆದ್ದಳು. ಮೇಡಂ ಜೊತೆ ಮಾತು ಬಿಟ್ಟಳು. ತಾನು ಮುಳುಗುವುದನ್ನು ನೋಡುತ್ತ ನಿಂತವರನ್ನು ಗೋಡೆಗೇರಿಸಿ ಮೆರೆಸುವುದು ಅವಳಿಂದಾಗದ ಕೆಲಸವಾಗಿತ್ತು.

*

"ಆ ಕೋಪ ಇನ್ನೂ ಇದೆ ಅಲ್ವಾ?" ತಂಗಿ ಕಾಲುಚೀಲದಿಂದ ಕಣ್ಣೆತ್ತದೆ ಕೇಳಿದಳು.

"ಅವತ್ತು ಮೇಡಂ ಯಾಕೆ ಹಾರ್ಲಿಲ್ಲ ಆಂಟಿ? ಅದೊಂದು ಹೇಳಿ ಸಾಕು."

"ಅವಳಿಗೆ ಈಜು ಬರ್ತಿರ್ಲಿಲ್ಲ ಕಣೇ."

"ತಮಾಷೆ ಮಾಡ್ಬೇಡಿ."

"ಹೆಣದ ಮುಂದೆ ಯಾರಾದ್ರೂ ತಮಾಷೆ ಮಾಡ್ತಾರಾ? ಅವಳು ಬ್ಯಾಸ್ಕೆಟ್‌ಬಾಲ್ ಆಡ್ದೋಳು. ಕಾಲೇಜಿನೋರು ಕೊಳ ಕಟ್ಟಿಸಿದ್ರು, ಹುಡುಗೀರಿಗೆ ಕಲಿಸೋಕೆ ಇದ್ದದ್ದು ಇವಳೊಬ್ಬಳೇ. ಈಜು ಬರುತ್ತಾ ಅಂದ್ರು. ಇಲ್ಲ ಅಂದ್ರೆ ಕೆಲಸ ಹೋಗುತ್ತೆ, ಮನೇಲಿ ದುಡಿಯೋರು ಬೇರೆ ಯಾರೂ ಇಲ್ಲ. ಬರುತ್ತೆ ಅಂದ್ಬಿಟ್ಲು. ಪುಸ್ತಕ ಓದಿ, ದಡದಲ್ಲಿ ನಿಂತು ನೋಡಿ ನೋಡಿ ಕಲಿಸಿದ್ಲು. ನೀವೆಲ್ಲ ಗೆದ್ದು ಬಂದ್ರಿ. ಆಮೇಲೆ ಯಾವ ಬಾಯಲ್ಲಿ ಹೇಳ್ತಾಳೆ?"

ಹೊರಗೆ ಯಾರೋ ಕುರ್ಚಿಗಳನ್ನು ಮಡಚಿಡುತ್ತಿದ್ದರು. ತಂಗಿ ದನಿ ತಗ್ಗಿಸಿದಳು.

"ನಿನ್ನ ವಿಷಯ ಆದ್ಮೇಲೆ ರಜೆ ಬಂದಾಗೆಲ್ಲ ಬೇರೆ ಊರಿಗೆ ಹೋಗಿ, ಚಿಕ್ಕ ಮಕ್ಕಳ ಜೊತೆ ನೀರಿಗಿಳೀತಿದ್ಲು. ಕಂಬಿ ಹಿಡ್ಕೊಂಡು ಕಾಲು ಬಡಿಯೋದು, ಅಷ್ಟೇ. ಬಿಡು ಅಂದ್ರೆ ಮೈಯೆಲ್ಲ ನಡುಗೋದು. ನಾನು ಟವೆಲ್ ಹಿಡ್ಕೊಂಡು ಕೂತಿರ್ತಿದ್ದೆ."

"ನನಗೊಂದು ಮಾತು ಹೇಳ್ಬಹುದಿತ್ತಲ್ಲ!"

"ಹೇಳೋಕೇ ತಾನೇ ನಿನ್ನ ಕ್ಲಿನಿಕ್ಕಿಗೆ ಬಂದಿದ್ದು?"

ದಂತವೈದ್ಯೆಗೆ ನೆನಪಾಯಿತು. ಹಲ್ಲುನೋವು ಎಂದು ಬಂದ ಮೇಡಂ ಕುರ್ಚಿಗೆ ಒರಗಿದ್ದರು. ಅವಳು ಬಾಯಿ ಅಗಲಿಸಿ, ಪುಟ್ಟ ಕನ್ನಡಿ ಹಿಡಿದು, ಒಂದೊಂದೇ ಹಲ್ಲನ್ನು ತಟ್ಟಿ ನೋಡಿದ್ದಳು. ನಡುವೆ ಮೇಡಂ ಏನೋ ಹೇಳಲು ಹೋದರು. "ಮಾತಾಡ್ಬೇಡಿ," ಎಂದಿದ್ದಳು. ಹಲ್ಲುಗಳಿಗೆ ಏನೂ ಆಗಿರಲಿಲ್ಲ. ಹಾಗೆಂದು ಹೇಳಿ, ಮುಂದಿನವರನ್ನು ಕೂಗಿದ್ದಳು.

"ಬೇಡ ಅಂತಿರೋದು ನೀನೇ ಅಂತ ಅವಳಿಗೆ ಗೊತ್ತಿತ್ತು. ಪ್ರಿನ್ಸಿಪಾಲರ ಹೊಟ್ಟೇಲಿ ಒಂದು ಮಾತು ನಿಲ್ಲುತ್ತಾ? ನಾನು ನಿನ್ನ ಬೈಯೋಕೆ ಹೋದ್ರೆ, ಸುಮ್ನಿರೇ, ಆ ಹುಡುಗಿ ಸರಿಯಾಗೇ ಹೇಳ್ತಿದ್ದಾಳೆ ಅಂತ ನನ್ನ ಬಾಯೇ ಮುಚ್ಚಿಸ್ತಿದ್ಲು."

ಕಾಲುಚೀಲ ಕೊನೆಗೂ ಏರಿತು. ದಂತವೈದ್ಯೆ ಪಾದವನ್ನು ಕೆಳಗಿಡುವುದನ್ನೇ ಮರೆತು ಕೂತಿದ್ದಳು.

ಪೆಟ್ಟಿಗೆಯನ್ನು ವ್ಯಾನಿಗೆ ಏರಿಸುವಾಗ ಅವಳು ಪ್ರಿನ್ಸಿಪಾಲರ ಹತ್ತಿರ ಹೋಗಿ, "ಹೂಂ ಸರ್, ಹಾಕಿ," ಎಂದಳು. ಅವರು ಅವಳ ಕೈ ಹಿಡಿದು ಕುಲುಕಿದರು.

"ಬದುಕಿದ್ದಿದ್ರೆ ಎಷ್ಟು ಖುಷಿಪಡ್ತಿದ್ರು!"

ಅವಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ರಾತ್ರಿಯ ಮಳೆಗೆ ಗುಂಡಿಯಲ್ಲಿ ಕೆಸರುನೀರು ನಿಂತಿತ್ತು. ಗುಂಡಿ ತೋಡುವವನು ಹಗ್ಗ ಕಟ್ಟಿದ ಬಕೆಟ್ಟಿನಿಂದ ಮೊಗೆದು ಮೊಗೆದು ಸುಸ್ತಾಗಿದ್ದ. "ಇಷ್ಟಿದ್ರೆ ಪರ್ವಾಗಿಲ್ಲ ಸಾರ್. ಇಳಿಸಿಬಿಡಿ, ಮಣ್ಣು ಬಿದ್ರೆ ಹೀರ್ಕೊಳ್ಳುತ್ತೆ."

ಪ್ರಿನ್ಸಿಪಾಲರು ಆಕಾಶ ನೋಡಿ ಆಗಲಿ ಎಂದರು. ಹಳೆಯ ಶಿಷ್ಯೆಯೊಬ್ಬಳು ಕಣ್ಣೊರೆಸಿಕೊಳ್ಳುತ್ತ, "ನಮ್ಮ ಮೇಡಂಗೆ ನೀರಂದ್ರೆ ಪ್ರಾಣ ನೋಡಿ," ಎಂದಳು. ತಂಗಿ ಪೆಟ್ಟಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ದಂತವೈದ್ಯೆ ಗುಂಡಿಗೆ ಇಳಿದಳು. ನೀರು ಮಂಡಿಗೆ ಬಂತು.

"ಡಾಕ್ಟ್ರೇ, ಏನಿದು? ಮತ್ತೆ ಮಳೆ ಬರೋ ಹಾಗಿದೆ!"

"ಬಕೆಟ್ ಬಿಡಪ್ಪ," ಎಂದಳು ಗುಂಡಿ ತೋಡುವವನಿಗೆ.

ತುಂಬಿ ತುಂಬಿ ಮೇಲಕ್ಕೆ ಕೊಟ್ಟಳು. ಮೊದಮೊದಲು ಬೇಡ ಬೇಡ ಎಂದವರೇ ಆಮೇಲೆ ಬಗ್ಗಿ ಬಕೆಟ್ ತೆಗೆದುಕೊಳ್ಳತೊಡಗಿದರು. ಬಕೆಟ್ಟಿಗೆ ಸಿಗದಷ್ಟು ಉಳಿದಾಗ ಬೊಗಸೆಯಲ್ಲಿ ಮೊಗೆದಳು. ಬೊಗಸೆಗೂ ಸಿಗದಾದಾಗ ಮೈಮೇಲಿನ ಕೋಟು ಬಿಚ್ಚಿ ನೆಲಕ್ಕೆ ಒತ್ತಿದಳು, ಎದ್ದು ಬಕೆಟ್ಟಿಗೆ ಹಿಂಡಿದಳು, ಮತ್ತೆ ಬಗ್ಗಿ ಮೂಲೆಯಿಂದ ಮೂಲೆಗೆ ಒತ್ತತೊಡಗಿದಳು.