ಕಾವಲಿನ ಮುಂದೆ ನಡೆದವಳು

ಹೇಮಶ್ರೀಯ ನಡಿಗೆಯನ್ನು ನೋಡಿದವರು ಅವಳು ಪೊಲೀಸ್ ಕಾವಲಿನಲ್ಲಿರುವ ವಿಚಾರಣಾಧೀನ ಕೈದಿಯೆಂದು ಊಹಿಸುವಂತಿರಲಿಲ್ಲ. ಶಿವಾಜಿನಗರದ ಸರ್ಕಾರಿ ಆಸ್ಪತ್ರೆಯೊಂದರ ಉದ್ದನೆಯ ಕಾರಿಡಾರಿನಲ್ಲಿ ಮುಂದೆ ಅವಳು, ಹೊಲಿಗೆ ಮಾಯದ ಹೊಟ್ಟೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ತಲೆಯೆತ್ತಿ, ದಾಪುಗಾಲು ಹಾಕುತ್ತ. ನಾಲ್ಕು ಹೆಜ್ಜೆ ಹಿಂದೆ, ಏದುಸಿರು ಬಿಡುತ್ತ, ಕಾನ್‌ಸ್ಟೇಬಲ್ ಕಾವೇರಿ. ಹೊಸಬರು, ಯಾರೋ ದೊಡ್ಡ ಅಧಿಕಾರಿಣಿ ಬರುತ್ತಿದ್ದಾರೆಂದು ಭಾವಿಸಿ ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. "ನಿಧಾನಕ್ಕೆ ನಡಿಯಮ್ಮ, ನಿನ್ನ ನಾನು ಕರ್ಕೊಂಡೋಗ್ಬೇಕು, ನೀನು ನನ್ನನ್ನಲ್ಲ" ಎಂದು ಕಾವೇರಿ ಗೊಣಗುವಳು. "ಹಾಲಿನ ಹೊತ್ತಾಯ್ತು ಮೇಡಂ" ಎಂದು ಇವಳು ತಿರುಗಿಯೂ ನೋಡದೆ ಉತ್ತರಿಸುವಳು.

ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ, ಕಾಕ್ಸ್ ಟೌನಿನ ನನ್ನ ಮನೆಯಿಂದ ವಾರಕ್ಕೆ ಮೂರು ಬೆಳಿಗ್ಗೆ ಆ ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿಗೆ ಹೋಗಿ, ತಾಯಂದಿರಿಗೆ ಅರ್ಜಿ ಬರೆದುಕೊಡುವುದು, ವೈದ್ಯರ ಚೀಟಿ ಓದಿ ಹೇಳುವುದು ನನ್ನ ಅಭ್ಯಾಸ. ಹೇಮಶ್ರೀ ನನಗೆ ಪರಿಚಯವಾದದ್ದು ಹಾಗೆ. ಹಲಸೂರಿನ ಮುನಿಶಾಮಿಯವರ ಮಗಳು; ಕೆ.ಆರ್. ಪುರದ ಗಾರ್ಮೆಂಟ್ಸ್ ಒಂದರಲ್ಲಿ ಆರು ವರ್ಷ ಅಂಗಿಗಳಿಗೆ ಕಾಲರ್ ಹೊಲಿದವಳು. ಅವರ ಓಣಿಯ ಬುದ್ಧವಿಹಾರದ ಪಕ್ಕದ ಖಾಲಿ ಜಾಗಕ್ಕಾಗಿ ಎರಡು ಗುಂಪುಗಳಿಗೆ ಜಗಳವಾಗಿ, ಕಲ್ಲು ಬಿದ್ದು, ಒಬ್ಬ ಮನುಷ್ಯನ ಕಣ್ಣು ಹೋಯಿತು. ದೂರಿನಲ್ಲಿದ್ದ ಒಂಬತ್ತು ಹೆಸರುಗಳಲ್ಲಿ ಅವಳ ಗಂಡ ನಿತೀಶನದೂ ಇತ್ತು, ಆರು ತಿಂಗಳ ಬಸುರಿಯಾಗಿದ್ದ ಅವಳದೂ ಇತ್ತು. ಜೈಲು ಸೇರಿದ ಐದನೆಯ ವಾರದಲ್ಲಿ ರಕ್ತಸ್ರಾವವಾಗಿ, ಆಸ್ಪತ್ರೆಗೆ ತಂದು, ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಗಂಡು. ತೂಕ ಒಂದು ಕಿಲೋ ನೂರೈವತ್ತು ಗ್ರಾಂ. ಶ್ವಾಸಕೋಶ ಬಲಿತಿರಲಿಲ್ಲ, ಜೊತೆಗೆ ಸೋಂಕು. ಉಸಿರಾಟವನ್ನು ಯಂತ್ರ ನಡೆಸಬೇಕಾಯಿತು. ತಾಯಿ ಎರಡೆರಡು ಗಂಟೆಗೊಮ್ಮೆ ಹಾಲು ಹಿಂಡಿ ಕೊಟ್ಟರೆ, ನರ್ಸ್ ಮಾರಿಯಾ ಅದನ್ನು ಸಣ್ಣ ನಳಿಕೆಯ ಮೂಲಕ ಹನಿಹನಿಯಾಗಿ ಹೊಟ್ಟೆಗಿಳಿಸುತ್ತಿದ್ದಳು.

ಹತ್ತನೆಯ ದಿನ, ಬಾಣಂತಿ ಗುಣಮುಖಳೆಂದು ಕಾಗದದಲ್ಲಿ ನಮೂದಾಯಿತು. ಗುಣಮುಖಳಾದ ಕೈದಿ ಜೈಲಿಗೆ ಮರಳಬೇಕು. ಮಗುವನ್ನು ಕದಲಿಸುವಂತಿರಲಿಲ್ಲ. ವ್ಯಾನು ಹತ್ತುವಾಗ ಅವಳು ಅಳಲಿಲ್ಲ; ಮುಂದಿನ ಹೊತ್ತಿಗೆ ಎಷ್ಟು ಮಿಲಿ ಹಾಲು ಎಂದು ಮಾರಿಯಾಳಿಂದ ಎರಡು ಸಲ ಕೇಳಿ ತಿಳಿದುಕೊಂಡಳು. ಜೈಲಿನಲ್ಲಿ ನಾಲ್ಕು ದಿನ ಹೊತ್ತು ತಪ್ಪದೆ ಹಾಲು ಹಿಂಡಿ ಚೆಲ್ಲಿದಳಂತೆ, ಬತ್ತಿಹೋಗಬಾರದೆಂದು. ಆ ನಾಲ್ಕು ದಿನಗಳಲ್ಲಿ ಇಲ್ಲಿ ಮಗುವಿನ ತೂಕ ಇನ್ನಷ್ಟು ಇಳಿಯಿತು.

ವೈದ್ಯರ ಪತ್ರದೊಂದಿಗೆ ನಾನು ಬರೆದುಕೊಟ್ಟ ಅರ್ಜಿ ಮ್ಯಾಜಿಸ್ಟ್ರೇಟರ ಮುಂದೆ ಹೋಯಿತು. ಕೋರ್ಟಿನ ಹಿಂದಿನ ಬೆಂಚಿನಲ್ಲಿ ನಾನೂ ಕುಳಿತಿದ್ದೆ. ಏನಾದರೂ ಹೇಳುವುದಿದೆಯೇ ಎಂದು ಅವರು ಕೇಳಿದಾಗ, ಹೇಮಶ್ರೀ ಎದೆಯ ಮೇಲೆ ಹಾಲಿನ ಕಲೆ ಹರಡಿದ್ದ ಕುಪ್ಪಸದಲ್ಲೇ ನೇರವಾಗಿ ನಿಂತು ಹೇಳಿದಳು: "ನನ್ನ ಬಿಟ್ಬಿಡಿ ಅಂತ ಇವತ್ತು ಕೇಳ್ತಿಲ್ಲ ಸ್ವಾಮಿ. ಒಬ್ಬರಲ್ಲ, ನಾಲ್ಕು ಜನ ಕಾವಲು ಹಾಕಿ. ಅವನಿಗೆ ನನ್ನ ಎದೆ ಬೇಕು, ಅಲ್ಲಿಗೆ ಕಳಿಸ್ಕೊಡಿ."

ಮಗು ಅಪಾಯದಿಂದ ಪಾರಾಗುವವರೆಗೆ ತಾಯಿಯನ್ನು ಆಸ್ಪತ್ರೆಯಲ್ಲೇ ಕಾವಲಿನಲ್ಲಿಡಬೇಕೆಂದು ಸಂಜೆಯೊಳಗೆ ಆದೇಶ ಬಂತು.

ಯಂತ್ರ ತೆಗೆದ ಮೇಲೆ ಮಗುವನ್ನು ಮೈಬಿಸಿ ತಾಗಲೆಂದು ಬರಿಯೆದೆಗೆ ಅವುಚಿಕೊಂಡು ಕೂರುವ ಕಾಲ. ಮಾರಿಯಾ ತನ್ನ ಅಣ್ಣನ ಹಳೆಯ ಕಂದು ಸ್ವೆಟರ್ ತಂದುಕೊಟ್ಟಳು. ಅದರ ಗುಂಡಿಗಳು ಸಡಿಲವಾಗಿದ್ದವು. ಹೇಮಶ್ರೀ ಸೂಜಿ ಕೇಳಿದಳು. ಕೈದಿಯ ಕೈಗೆ ಸೂಜಿ ಕೊಡುವುದು ಹೇಗೆಂದು ಕಾವೇರಿ ಬಹಳ ಹೊತ್ತು ಯೋಚಿಸಿ, ಕೊನೆಗೆ ತಾನೇ ತಂದುಕೊಟ್ಟು, ಅವಳು ಹೊಲಿಯುವಷ್ಟು ಹೊತ್ತೂ ಕಣ್ಣು ಕೀಳದೆ ನೋಡಿ, "ಎಷ್ಟು ನೀಟಾಗಿ ಹಾಕ್ತೀಯ ಕಣೇ" ಎಂದು ಸೂಜಿಯನ್ನು ಹಿಂದಕ್ಕೆ ಪಡೆದಳು. ಆ ಸ್ವೆಟರಿನೊಳಗೆ ಅಂಗೈಯಗಲದ ಜೀವವನ್ನಿಟ್ಟುಕೊಂಡು ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕೂರುತ್ತಿದ್ದಳು. ನೀರು ಕುಡಿಯಲೂ ಬಾಗುತ್ತಿರಲಿಲ್ಲ. ಲೋಟವನ್ನು ಕಾವೇರಿಯೇ ಬಾಯಿಗೆ ಹಿಡಿಯುತ್ತಿದ್ದಳು.

ಆ ದಿನಗಳಲ್ಲೇ ಇನ್ನೊಬ್ಬ ಕೈದಿ ಬಂದಳು, ಸುಕನ್ಯ, ಕಮ್ಮನಹಳ್ಳಿಯ ಮನೆಯೊಂದರಲ್ಲಿ ಕೆಲಸಕ್ಕಿದ್ದು ಕಳವಿನ ಆರೋಪ ಹೊತ್ತವಳು. ಅವಳ ಹೆಣ್ಣು ಕೂಸಿನ ಹೃದಯ ಹುಟ್ಟಿನಿಂದಲೇ ಕೆಟ್ಟಿತ್ತು; ಉಳಿಯುವುದು ಕಷ್ಟವೆಂದು ವೈದ್ಯರು ಮುಚ್ಚಿಡದೆ ಹೇಳಿದ್ದರು. ಮುಟ್ಟಿದರೆ ಬಿಡಲಾಗದೆಂಬ ಭಯದಿಂದ ಸುಕನ್ಯ ಗೋಡೆಗೆ ಮುಖಮಾಡಿ ಮಲಗಿಬಿಟ್ಟಿದ್ದಳು. ಹೇಮಶ್ರೀ ಅವಳ ಮಂಚದ ಪಕ್ಕಕ್ಕೆ ಕುರ್ಚಿ ಎಳೆಸಿಕೊಂಡಳು. "ನೋಡು ಸುಕನ್ಯ, ಅದು ಎಷ್ಟು ದಿನ ಇರತ್ತೋ ನಂಗೊತ್ತಿಲ್ಲ. ಇರೋವಷ್ಟು ದಿನ ಅಮ್ಮ ಇಲ್ಲದೆ ಯಾಕಿರಬೇಕು? ಏಳು." ಸುಕನ್ಯ ಎದ್ದಳು. ಕೂಸು ಹನ್ನೊಂದು ದಿನ ಬದುಕಿತು, ಅಷ್ಟೂ ದಿನ ತಾಯಿಯ ಮಡಿಲಿನಲ್ಲಿ. ಅದು ಹೋದ ಬೆಳಿಗ್ಗೆ ಸುಕನ್ಯ ನನ್ನಿಂದ ಒಂದೇ ಒಂದನ್ನು ಬರೆಸಿದಳು: ಆಸ್ಪತ್ರೆಯ ಪುಸ್ತಕದಲ್ಲಿ 'ಸುಕನ್ಯಳ ಮಗು' ಎಂದಿದ್ದ ಕಡೆ, ತಾನಿಟ್ಟಿದ್ದ 'ದಿವ್ಯ' ಎಂಬ ಹೆಸರನ್ನು.

ಹೇಮಶ್ರೀಯ ಹಟದ ಇನ್ನೊಂದು ಮುಖವನ್ನು ಜಾಮೀನಿನ ಸಂದರ್ಭದಲ್ಲಿ ಕಂಡೆ. ವಕೀಲರು ವಾರ್ಡಿಗೆ ಬಂದು, "ಗಲಾಟೆ ದಿನ ನೀನು ಅಲ್ಲಿರಲೇ ಇಲ್ಲ ಅಂತ ಬರೆಸೋಣ, ಸುಲಭ ಆಗತ್ತೆ" ಎಂದರು.

"ಇದ್ದೆ ಸಾರ್. ಕಲ್ಲು ಎಸೆದಿಲ್ಲ. ಎರಡನ್ನೂ ಬರೀರಿ."

"ಮಗು ಮುಖ ನೋಡಮ್ಮ."

"ನೋಡ್ಕೊಂಡೇ ಹೇಳ್ತಿದೀನಿ."

ಒಂದು ಸುಳ್ಳು ಹೇಳಿಬಿಡಬಾರದೇ ಎಂದು ನಾನು ಒಳಗೊಳಗೇ ಹಾರೈಸಿದೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯದ ಮಹಿಮೆ ಬೋಧಿಸಿದ ನಾನು. ವಕೀಲರು ಮುಖ ಗಂಟಿಕ್ಕಿಕೊಂಡೇ ಎರಡನ್ನೂ ಬರೆದರು. ಮಗು ಹುಟ್ಟಿದ ನಲವತ್ತೆಂಟನೆಯ ದಿನ ಸೆಷನ್ಸ್ ನ್ಯಾಯಾಲಯ ಜಾಮೀನು ಕೊಟ್ಟಿತು. ಸುದ್ದಿ ತಂದ ಕಾವೇರಿ, ಕಾವಲಿನ ಕೆಲಸ ಮುಗಿದರೂ ಹೋಗದೆ, ಮಗುವಿನ ತೂಕ ನೋಡಲೆಂದು ನಿಂತಳು. ಒಂದು ಕಿಲೋ ಒಂಬೈನೂರು.

ಮಗು ಸಿದ್ಧಾರ್ಥನಿಗೆ ಈಗ ಎರಡು ವರ್ಷ. ಮಾತು ತಡ, ಓಟ ಜೋರು. ನಿತೀಶನೂ ಹೊರಬಂದಿದ್ದಾನೆ. ಮೊಕದ್ದಮೆ ಇನ್ನೂ ಮುಗಿದಿಲ್ಲ. ಪ್ರತಿ ವಾಯಿದೆಗೂ ಅವಳು ಹೊತ್ತಿಗೆ ಮುಂಚೆ ಹೋಗಿ ನಿಲ್ಲುತ್ತಾಳೆ. ತೀರ್ಪು ಏನಾಗುವುದೋ ನಾನರಿಯೆ.

ಸೆರೆಯಲ್ಲಿರುವ ತಾಯಂದಿರನ್ನು ನೆನೆದರೆ ನಮ್ಮಂಥವರ ಮನಸ್ಸು ಥಟ್ಟನೆ ಕನಿಕರದ ಕಡೆಗೆ ಹೊರಳುತ್ತದೆ. ಆದರೆ ನಾನು ಕಂಡ ಆ ಹೆಂಗಸರಿಗೆ ಕನಿಕರವನ್ನು ಕೇಳಿಸಿಕೊಳ್ಳುವಷ್ಟು ಬಿಡುವೂ ಇರಲಿಲ್ಲ. ಎಲ್ಲಿರಬೇಕು, ಯಾವಾಗ ಮಲಗಬೇಕು, ಯಾರೊಂದಿಗೆ ಮಾತಾಡಬೇಕು ಎಂಬ ಸಕಲ ನಿರ್ಧಾರಗಳೂ ಪರರ ಪಾಲಾದ ಮೇಲೂ ತಮ್ಮ ಪಾಲಿಗೆ ಉಳಿದ ಒಂದೇ ಕರ್ತವ್ಯವನ್ನು ಅವರು ಲೋಪವಿಲ್ಲದೆ ನೆರವೇರಿಸಿದರು. ಕೂಸು ಉಳಿದವಳೂ, ಉಳಿಯದವಳೂ. ಅವರ ಎದುರು ತಲೆ ಬಾಗಿದಾಗಲೆಲ್ಲ ನನಗೆ ದುಃಖಕ್ಕಿಂತ ಹೆಚ್ಚಾಗಿ ಹೆಮ್ಮೆಯೆನಿಸಿದೆ, ನಾನೂ ಅವರ ಊರಿನವಳೇ ಎಂದು.