ಅಣ್ಣನ ತೋಳಿಗೆ ಚುಚ್ಚುಮದ್ದು

ಚರ್ಚಿನ ಪಕ್ಕದ ಸಭಾಂಗಣದಲ್ಲಿ ಲಸಿಕೆ ಹಾಕುವ ಎರಡನೆಯ ಶನಿವಾರವೂ ಮುಗಿಯುತ್ತ ಬಂದಿತ್ತು; ಅಣ್ಣ ಬಂದಿರಲಿಲ್ಲ. ಸುಲಿಯೇಟಿ ಒಬ್ಬೊಬ್ಬರ ತೋಳು ಒರೆಸುವಾಗಲೂ ಬಾಗಿಲ ಕಡೆ ಕಣ್ಣು ಹಾಯಿಸುತ್ತಿದ್ದಳು. ಹೀಗೆ ನೋಡುತ್ತ ಎಲ್ಲಾದರೂ ಸೂಜಿ ತಪ್ಪು ಜಾಗಕ್ಕೆ ಹಾಕಿಬಿಟ್ಟೇನು ಎಂದು ಹೆದರಿ, ಮತ್ತೆ ತೋಳಿನ ಮೇಲೆ ಗಮನವಿಡುತ್ತಿದ್ದಳು.

ದ್ವೀಪಕ್ಕೆಲ್ಲ ಅವಳೊಬ್ಬಳೇ ನರ್ಸು. ಅಣ್ಣ ಮೊಸೇಸೆ ಚರ್ಚಿನ ಹಾಡುವ ತಂಡವನ್ನು ನಡೆಸುವವನು. ಐವತ್ತು ದಾಟಿದೆ, ಭಾರಿ ಮೈ, ಸಕ್ಕರೆ ಕಾಯಿಲೆ ಬೇರೆ. ಮುಂದಿನ ತಿಂಗಳು ಅವನು ತಂಡವನ್ನು ಹಡಗಿನಲ್ಲಿ ರಾಜಧಾನಿ ನುಕುಅಲೋಫಕ್ಕೆ, ಚರ್ಚಿನ ವರ್ಷದ ಸಮಾವೇಶಕ್ಕೆ ಕರೆದೊಯ್ಯಬೇಕಿತ್ತು. ಅಲ್ಲಿ ಕೋವಿಡ್ ಮತ್ತೆ ಹಬ್ಬುತ್ತಿದೆಯೆಂದು ರೇಡಿಯೋ ಹೇಳುತ್ತಿತ್ತು. ಲಸಿಕೆ ಮೈಗೆ ಹತ್ತುವುದಕ್ಕೆ ಒಂದೆರಡು ವಾರ ಬೇಕು. ಇನ್ನು ತಡವಾದರೆ ಪ್ರಯೋಜನವಿಲ್ಲ.

"ನಮಗೆಲ್ಲ ಒಂದ್ಸಲ ಬಂದು ಹೋಗಿದೆಯಲ್ಲ ನರ್ಸಮ್ಮಾ. ದೇವರೇ ಪುಕ್ಕಟೆ ಇಂಜೆಕ್ಷನ್ ಕೊಟ್ಟಾಯ್ತು," ಎಂದು ತಂಡದಲ್ಲಿ ತಗ್ಗುದನಿಯಲ್ಲಿ ಹಾಡುವ ಕೆಲೆಪಿ ಕೈಕಟ್ಟಿ ನಿಂತ.

"ಕೊಟ್ಟಿದ್ದು ನಿಜ ಕಣೋ. ಆಗ ನೀನು ಚಾಪೆ ಬಿಟ್ಟು ಏಳ್ದೆ, ನಿಮ್ಮಮ್ಮನ ಕೈಲಿ ಗಂಜಿ ಕುಡಿಸ್ಕೊಂಡ್ಯಲ್ಲ, ಅದೂ ಪುಕ್ಕಟೆನಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕೆಲೆಪಿ ತೋಳು ಕೊಟ್ಟ.

ನಗಿಸಿ ಕಳಿಸಿದ್ದಾಯಿತು, ಆದರೆ ಸುಲಿಯೇಟಿಗೆ ಸಮಾಧಾನವಿರಲಿಲ್ಲ. ಕಾಯಿಲೆ ಬಂದು ಹೋದರೂ ಮೈಗೆ ಒಂದಿಷ್ಟು ರಕ್ಷಣೆ ಬರುತ್ತದೆ ಎಂಬುದನ್ನು ಅವಳು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಹೇಳಿದರೆ ಜನ ಅದನ್ನೇ ನೆಪ ಮಾಡಿಕೊಳ್ಳುತ್ತಾರೆ, ಹೇಳದಿದ್ದರೆ ಸುಳ್ಳಾಗುತ್ತದೆ. ಅಣ್ಣ ಆ ನೆಪ ಹಿಡಿದೇ ಮನೆಯಲ್ಲಿ ಕೂತಿದ್ದಾನೆ, ಇದು ತನ್ನ ಬಾಯಿಂದಲೇ ಆದ ತಪ್ಪು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಸೋಮವಾರ ಅಣ್ಣನ ಮನೆಗೆ ಹೋದಳು. ಬೇಲಿಯ ಹತ್ತಿರ ಬರುವಾಗಲೇ "ಅತ್ತಿಗೇ!" ಎಂದು ಜೋರಾಗಿ ಕೂಗಿದಳು. ಒಳಗೆ ಕುರ್ಚಿ ಸರಿದ ಸದ್ದಾಯಿತು. ಅಣ್ಣ ಹಿಂಬಾಗಿಲಿನಿಂದ ಗೆಣಸಿನ ತೋಟದ ಕಡೆ ಹೊರಟುಹೋದ. ಬುದ್ಧಿ ಬಂದಾಗಿನಿಂದ ಅವರಿಬ್ಬರೂ ಒಂದು ಕೋಣೆಯಲ್ಲಿ ಕೂತವರಲ್ಲ. ಅವನ ಕಿವಿಗೆ ಬೀಳುವಂತೆ ಇವಳು, ಇವಳ ಕಿವಿಗೆ ಬೀಳುವಂತೆ ಅವನು, ಮೈಯ ವಿಷಯ ಎತ್ತಿದವರೂ ಅಲ್ಲ. ಆ ದ್ವೀಪಗಳಲ್ಲಿ ಅಣ್ಣ ತಂಗಿಯ ನಡುವಿನ ಗೌರವವೇ ಅದು. ಹೇಳುವುದೇನಿದ್ದರೂ ಅತ್ತಿಗೆ ಫಾತಾಯ್ ಮೂಲಕ.

ಫಾತಾಯ್ ಅಡುಗೆ ಚಪ್ಪರದಲ್ಲಿ ಕಾಯಿ ತುರಿಯುತ್ತಿದ್ದಳು.

"ಅಣ್ಣನಿಗೆ ಹೇಳಿದ್ಯಾ ಅತ್ತಿಗೆ?"

"ಹೇಳ್ದೆ."

"ಏನಂದ?"

"ಹ್ಞೂಂ ಅಂದ. ಮದುವೆ ದಿನ ಪಾದ್ರಿ ಕೇಳ್ದಾಗಲೂ ನಿಮ್ಮಣ್ಣ ಹ್ಞೂಂ ಅಂತಲೇ ಅಂದಿದ್ದು. ಅದಕ್ಕಿಂತ ಜಾಸ್ತಿ ನಂಗೂ ಸಿಕ್ಕಿಲ್ಲಮ್ಮ." ಫಾತಾಯ್ ತುರಿಯನ್ನು ಬಟ್ಟಲಿಗೆ ಕೊಡವಿದಳು. "ಒಂದು ಮಾತು ಕೇಳ್ತೀನಿ. ನುಕುಅಲೋಫದಲ್ಲಿದ್ದಾಗ ಅವನಿಗೆ ಒಂದು ಸೂಜಿ ಬಿದ್ದಿದೆ. ಆಮೇಲೆ ಜ್ವರಾನೂ ಬಂದು ಹೋಯ್ತು. ಎರಡೂ ಆದ್ಮೇಲೆ ಇನ್ನೊಂದ್ಯಾಕೆ?"

ಸುಲಿಯೇಟಿ ಅವಳ ಪಕ್ಕದಲ್ಲಿ ಕೂತಳು. "ಎರಡು ವರ್ಷದ ಹಿಂದೆ ಈಸ್ಟರ್‌ಗೆ ಹಾಡಿದ್ರಲ್ಲ, ಆ ಹಾಡು ಈಗ್ಲೇ ಎದ್ದು ಹಾಡಿ ಅಂದ್ರೆ ನಿಮ್ಮ ತಂಡ ಹಾಡತ್ತಾ?"

"ಹಾಡತ್ತೆ. ಮೊದಲೆರಡು ಸಾಲು ಹಂದಿ ಅಟ್ಟಿಸ್ಕೊಂಡು ಹೋದ ಹಾಗಿರತ್ತೆ. ಆಮೇಲೆ ಸರಿಹೋಗತ್ತೆ."

"ಮೈಗೂ ಅಷ್ಟೇ. ಒಳಗೆ ನೆನಪಿರತ್ತೆ, ಆದ್ರೆ ಎದ್ದು ನಿಲ್ಲೋದು ತಡ. ಅಷ್ಟರಲ್ಲಿ ಅದು ಗಂಟಲಿಂದ ಎದೆಗಿಳಿದ್ರೆ? ಅಲ್ದೆ ಈಗ ಬಂದಿರೋದು ಆ ಹಳೇದೇ ಅಲ್ಲ, ಅಲ್ಲಲ್ಲಿ ರಾಗ ಬದಲಾಯಿಸ್ಕೊಂಡಿದೆ. ಜ್ವರವೂ ಮೈಗೆ ಪಾಠ ಹೇಳತ್ತೆ, ನಾನು ಇಲ್ಲ ಅನ್ನಲ್ಲ. ಆದ್ರೆ ಸಕ್ಕರೆ ಇರೋರಿಗೆ ಆ ಮೇಷ್ಟ್ರು ಪಾಠಕ್ಕಿಂತ ಜಾಸ್ತಿ ಹೊಡೀತಾನೆ. ಸೂಜಿ ಆದ್ರೆ ಹೊಡೆತ ಕಮ್ಮಿ, ಅಭ್ಯಾಸ ಮಾಡ್ಸತ್ತೆ. ಹಳೇ ಜ್ವರದ ನೆನಪಿನ ಮೇಲೆ ಹೊಸ ಸೂಜಿ ಬಿದ್ರೆ, ಯಾವುದೋ ಒಂದೇ ಇರೋದಕ್ಕಿಂತ ಗಟ್ಟಿ."

"ಆಮೇಲೆ ಬರೋದೇ ಇಲ್ವಾ?"

"ಬರಬಹುದು. ಬಂದ್ರೂ ಆಸ್ಪತ್ರೆ ತನಕ ಹೋಗೋದು ಕಮ್ಮಿ."

"ಹಿಂಗೆ ಹೇಳಿದ್ರೆ ಯಾರು ಬರ್ತಾರೆ ಸುಲೀ! ನಿನ್ನ ಮೀನು ಮಾರೋಕೆ ಕೂರಿಸಿದ್ರೆ, ನಿನ್ನೆ ಹಿಡಿದಿದ್ದು ಅಂತ ನೀನೇ ಹೇಳ್ತೀಯ."

"ನಗಬೇಡ ಅತ್ತಿಗೆ. ಅವನ ಹಠ ನೋಡಿ ನಂಗೆ ಊಟ ಸೇರ್ತಿಲ್ಲ."

ಫಾತಾಯ್ ಕೈ ನಿಂತಿತು. "ಯಾರ ಹಠ?"

"ಅಣ್ಣಂದು. ಎರಡು ವಾರದಿಂದ ಕಾಯ್ತಿದ್ದೀನಿ, ಆ ಕಡೆ ತಲೆ ಹಾಕಿಲ್ಲ."

"ತಲೆ ಹಾಕಿಲ್ವಾ? ಎರಡು ಶನಿವಾರಾನೂ ಬಂದಿದ್ನಲ್ಲೇ! ಒಗೆದ ಅಂಗಿ, ಚರ್ಚಿಗೆ ಹೋಗೋ ಹಾಗೆ ಸೊಂಟಕ್ಕೆ ಒಳ್ಳೇ ಚಾಪೆ ಸುತ್ಕೊಂಡು, ನನ್ನ ಜೊತೆಗೇ ಹೊರಟ. ದೀವಿಹಲಸಿನ ಮರದ ತನಕ ಬಂದು, ಕಿಟಕೀಲಿ ನಿನ್ನ ನೋಡಿ ವಾಪಸ್ ಹೋದ."

"ನನ್ನ ನೋಡಿ?"

"ಮತ್ತಿನ್ನೇನು? ನಿನ್ನ ಎದುರು ಕೂತು ಅಂಗಿ ಬಿಚ್ಚಿ, ಸಕ್ಕರೆ ಎಷ್ಟಿದೆ ಅಂತ ಹೇಳ್ತಾನಾ? ಅವನ ಮೈ ಮುಟ್ತೀಯಾ ನೀನು?"

ಸುಲಿಯೇಟಿಗೆ ಮುಖವೆಲ್ಲ ಬಿಸಿಯಾಯಿತು. ಹಿಂದೆ ಲಸಿಕೆ ಬಂದಾಗ ದೊಡ್ಡಾಸ್ಪತ್ರೆಯವರೇ ಬಂದು ಹಾಕಿದ್ದರು. ಇವಳು ಹೊರಗೆ ಜನರನ್ನು ಸಾಲಾಗಿ ನಿಲ್ಲಿಸಿದ್ದಳು ಅಷ್ಟೇ. ಈ ಸಲ ಮೊದಲ ಬಾರಿಗೆ ಸೂಜಿ ಅವಳ ಕೈಗೆ ಬಂದಿತ್ತು. ಬಿಳಿ ಅಂಗಿ ತೊಟ್ಟು ಮೇಜಿನ ಹಿಂದೆ ಕೂತ ಮೇಲೆ ತಾನು ಊರಿಗೆಲ್ಲ ನರ್ಸು ಎಂದಷ್ಟೇ ನೆನಪಿತ್ತು. ಅಡುಗೆ ಚಪ್ಪರಕ್ಕೆ ಬರುವಾಗ ಕೂಗಿ ಬರಬೇಕೆಂದು ಗೊತ್ತಿದ್ದವಳಿಗೆ, ಸಭಾಂಗಣದಲ್ಲಿ ಅದೇ ನಿಯಮ ಹೊಳೆದಿರಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ ನೀನು?"

"ನಿಂಗೆ ಗೊತ್ತಿಲ್ಲ ಅಂತ ನಂಗೇನು ಗೊತ್ತು? ಬೇಕಂತಲೇ ಕೂತಿದ್ದೀಯ, ಬೇರೆ ಯಾರನ್ನೋ ಕರೆಸ್ತೀಯ ಅಂದ್ಕೊಂಡೆ. ಯಾವ ತಂಗಿಗೆ ಇದು ಗೊತ್ತಿರಲ್ಲ?"

ಅಂದೇ ಅವಳು ದೊಡ್ಡಾಸ್ಪತ್ರೆಯ ನರ್ಸು ಟೋಕಿಲೂಪೆಗೆ ಫೋನ್ ಮಾಡಿದಳು. ಕಾರಣ ಹೇಳಲು ನಾಲಿಗೆ ಏಳಲಿಲ್ಲ. "ಇಲ್ಲಿ ನನ್ನಣ್ಣ ಇದ್ದಾನೆ" ಎಂದಷ್ಟೇ ಅಂದಳು. ಟೋಕಿಲೂಪೆ ಇನ್ನೇನೂ ಕೇಳಲಿಲ್ಲ. "ಅಯ್ಯೋ, ಮೊದಲೇ ಹೇಳೋದಲ್ವಾ! ಗುರುವಾರದ ದೋಣೀಲಿ ಬರ್ತೀನಿ. ನೀನು ಅಲ್ಲಿರಬೇಡ, ಅಷ್ಟೇ," ಎಂದಳು.

ಗುರುವಾರ ಸುಲಿಯೇಟಿ ಲಸಿಕೆಯ ತಂಪು ಪೆಟ್ಟಿಗೆ, ಸೂಜಿಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿಟ್ಟು, ಊರಿನ ಇನ್ನೊಂದು ಕೊನೆಯಲ್ಲಿ ಹೆಂಗಸರು ಚಾಪೆ ಹೆಣೆಯುವ ಮನೆಗೆ ಹೋಗಿ ಕೂತಳು.

"ಏನು ನರ್ಸಮ್ಮ, ಕೆಲಸದಿಂದ ತೆಗೆದು ಹಾಕಿದ್ರಾ?" ಎಂದು ಹೆಂಗಸರು ಕೆಣಕಿದರು. ಅವಳು ಎಲೆಯ ಎಳೆಗಳನ್ನು ಕೈಗೆತ್ತಿಕೊಂಡು ಎಲ್ಲ ತಪ್ಪು ತಪ್ಪಾಗಿ ಹೆಣೆದಳು. ಮಧ್ಯಾಹ್ನ ಫಾತಾಯ್ ಫೋನ್ ಮಾಡಿದಳು: "ಆಯ್ತು. ಟೋಕಿಲೂಪೆ ಎಲ್ಲ ಕೇಳಿದ್ಲು, ಎಲ್ಲದಕ್ಕೂ ಹ್ಞೂಂ ಅಂದ." ಅವನ ಹಿಂದೆಯೇ ಇನ್ನೂ ಮೂರು ನಾಲ್ಕು ಮಂದಿ ಬಂದರಂತೆ. ಎಲ್ಲರೂ ಸುಲಿಯೇಟಿಗೆ ವರಸೆಯಲ್ಲಿ ಅಣ್ಣ ತಮ್ಮಂದಿರು.

ತಂಡ ಸಮಾವೇಶಕ್ಕೆ ಹೋಗಿ ಹಾಡಿ ಬಂತು. ಕೋವಿಡ್ಡೂ ಹಡಗಿನಲ್ಲಿ ಜೊತೆಗೇ ಬಂತು. ಕೆಲೆಪಿಗೆ ಬರೀ ಮೂಗು ಸೋರಿತು. ಮೊಸೇಸೆಗೆ ಜ್ವರ, ಕೆಮ್ಮು.

"ಹಾಕಿಸ್ಕೊಂಡ್ರೂ ಬಂತಲ್ಲೇ!" ಎಂದಳು ಫಾತಾಯ್, ಈ ಸಲ ನಗದೆ.

"ಬರಬಹುದು ಅಂದಿದ್ದೆ," ಎಂದಳು ಸುಲಿಯೇಟಿ. ಅಂದದ್ದು ನಿಜವಾದರೂ ಅದರಿಂದ ಧೈರ್ಯವೇನೂ ಬರಲಿಲ್ಲ. ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಅಳೆಯುವ ಯಂತ್ರವನ್ನು ಅತ್ತಿಗೆಯ ಕೈಗೆ ಕೊಟ್ಟು, ಯಾವ ಸಂಖ್ಯೆಗಿಂತ ಇಳಿದರೆ ದೋಣಿ ಕರೆಸಬೇಕೆಂದು ಎರಡೆರಡು ಸಲ ಹೇಳಿದಳು. ದಿನಾ ಬೆಳಿಗ್ಗೆ, ಸಂಜೆ ಬಂದು ಮನೆಯ ಗೋಡೆಯ ಹೊರಗೆ ನಿಂತಳು. ಕೆಮ್ಮು ಗಂಟಲಿನದೋ ಎದೆಯದೋ ಎಂದು ಕಿವಿಗೊಟ್ಟು ಕೇಳಿದಳು. ಒಳಗೆ ಹೋಗಿ ಬೆನ್ನಿಗೆ ಕಿವಿಯಿಡುವ ಹಾಗಿರಲಿಲ್ಲ. ಫಾತಾಯ್ ಕಿಟಕಿಯಲ್ಲಿ ಸಂಖ್ಯೆ ಹೇಳುತ್ತಿದ್ದಳು, ಅದು ಇಳಿಯಲಿಲ್ಲ. ನಾಲ್ಕನೆಯ ದಿನ ಜ್ವರ ಬಿಟ್ಟಿತು. ದೋಣಿ ಬೇಕಾಗಲಿಲ್ಲ.

"ಉಳಿಸಿದ್ದು ಯಾವುದು ಸುಲಿ, ಹಳೇ ಜ್ವರಾನಾ, ಹೊಸ ಸೂಜಿನಾ?"

"ಎರಡೂ ಇರಬಹುದು. ಒಬ್ಬ ಮನುಷ್ಯನ್ನ ನೋಡಿ ಹೇಳೋಕಾಗಲ್ಲ ಅತ್ತಿಗೆ. ಏನೂ ಇಲ್ದೆ ಲಘುವಾಗೇ ಹೋಗ್ತಿತ್ತೋ ಏನೋ, ಅದೂ ಗೊತ್ತಿಲ್ಲ. ಸಾವಿರ ಜನರನ್ನ ನೋಡಿದೋರು, ಎರಡೂ ಇದ್ದೋರು ಚೆನ್ನಾಗಿ ತಡ್ಕೊಂಡ್ರು ಅಂತಾರೆ."

ಒಳಗಿನಿಂದ ಗಂಟಲು ಸರಿಪಡಿಸಿಕೊಂಡ ಸದ್ದು ಬಂತು. ಆಮೇಲೆ ಒಡೆದ ದನಿಯಲ್ಲಿ ಮೊಸೇಸೆ ಹೆಂಡತಿಯನ್ನು ಕೂಗಿದ. "ಫಾತಾಯ್, ಹೊರಗೆ ನರ್ಸು ಬಂದಿದ್ರೆ ಕೇಳು. ತೆಂಗಿನ ಹಾಲು ಹಾಕಿ ಬೇಯಿಸಿದ ಕೆಸವಿನೆಲೆ ಪೊಟ್ಟಣ ತಿನ್ನಬಹುದಾ, ಸಕ್ಕರೆಗೆ ಏನಾದ್ರೂ ತೊಂದರೆಯಾ ಅಂತ."

ಅವನು ತನ್ನ ಮೈಯ ವಿಷಯವನ್ನು ಸುಲಿಯೇಟಿಯ ಕಿವಿಗೆ ಬೀಳುವ ಹಾಗೆ ಆಡಿದ್ದು ಅದೇ ಮೊದಲು. ಅವಳು ಗೋಡೆಯಿಂದ ಎರಡು ಹೆಜ್ಜೆ ದೂರ ಸರಿದು, ಅತ್ತಿಗೆಯ ಮುಖವನ್ನೇ ನೋಡುತ್ತ, ಒಳಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ಒಂದು ಪೊಟ್ಟಣ ಸಾಕು ಅಂತ ಹೇಳು. ಜೊತೆಗೆ ಗೆಣಸು ಬೇಡ. ನೀರು ಚೆನ್ನಾಗಿ ಕುಡೀಬೇಕು."

"ಹ್ಞೂಂ," ಎಂದಿತು ಗೋಡೆಯಾಚೆಯ ದನಿ.