ಒಂದೇ ಹೆಸರು ಬಲ್ಲ ಡಬ್ಬಿ

ನಾನು ಒಂದು ಊಟದ ಡಬ್ಬಿ. ಸ್ಟೀಲಿನವನು, ದುಂಡಗಿನವನು, ಮುಚ್ಚಳಕ್ಕೆ ಎರಡು ಕೊಕ್ಕೆ. ಯಾವುದೋ ದೂರದ ಊರಿನ ಕಾರ್ಖಾನೆಯಲ್ಲಿ ಚಪ್ಪಟೆ ತಗಡಿಗೆ ಒಂದು ಏಟು ಬಿತ್ತು, ನಾನು ಗುಳಿಬಿದ್ದು ಡಬ್ಬಿಯಾದೆ. ಆ ಏಟು ನೆನಪಿದೆ, ಊರು ನೆನಪಿಲ್ಲ. ಹಾಗಾಗಿ ನಾನು ಹುಟ್ಟಿದ್ದು ಹರಿಹರದ ಪಾತ್ರೆ ಅಂಗಡಿಯಲ್ಲಿ, ನನಗೆ ಹೆಸರು ಬಿದ್ದ ದಿನ ಎಂದೇ ಹೇಳಿಕೊಳ್ಳುತ್ತೇನೆ.

ಅಂದು ನನ್ನನ್ನು ಕೊಂಡವಳು ಹಾಲಮ್ಮ. ಮದುವೆಯಾಗಿ ಇನ್ನೂ ಕೈಯ ಹಸಿರು ಬಳೆ ಮಾಸಿರಲಿಲ್ಲ. ಅಂಗಡಿಯವನು ಕೊರೆಯುವ ಯಂತ್ರ ಹಿಡಿದುಕೊಂಡು, "ಏನಂತ ಹೆಸರು ಹಾಕ್ಲವ್ವ?" ಎಂದ.

"ನಮ್ಮನಿಯವರದು."

"ನಿಮ್ಮನಿಯವರ ಹೆಸರು ನನಗೆಂಗ ಗೊತ್ತಾಗ್ಬೇಕು? ಬಾಯಿ ಬಿಟ್ಟು ಹೇಳು."

ಹಾಲಮ್ಮ ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಗಂಡನ ಹೆಸರನ್ನು ಬಾಯಲ್ಲಿ ತಂದವಳೇ ಅಲ್ಲ ಅವಳು. ಕೊನೆಗೆ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಉಕ್ಕಡಗಾತ್ರಿ ಅಜ್ಜಯ್ಯನ ಚಿತ್ರಕ್ಕೆ ಕೈ ಮುಗಿದು, "ಆ ಅಜ್ಜಾರ ಹೆಸರs. ಕೊನೀಗೆ ಒಂದು ಅಪ್ಪ ಸೇರಿಸ್ರಿ" ಎಂದಳು. ಅಂಗಡಿಯವನು ನಗುತ್ತಾ ಯಂತ್ರ ಒತ್ತಿದ. ನನ್ನ ಮೈ ಜುಮ್ಮೆಂದಿತು. 'ಕರಿಬಸಪ್ಪ' ಎಂದು ಚುಕ್ಕೆ ಚುಕ್ಕೆಯಾಗಿ ಮೂಡಿತು. ನನಗೆ ಓದಲು ಬರುವುದು ಆ ಒಂದೇ ಹೆಸರು. ಬೇರೆ ಅಕ್ಷರಗಳೆಲ್ಲ ನನಗೆ ಬರೀ ಗೀರು.

ಕರಿಬಸಪ್ಪ ನದಿ ದಂಡೆಯ ದಾರದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಮಧ್ಯಾಹ್ನ ಸೈರನ್ ಕೂಗಿದೊಡನೆ ನನ್ನ ಕೊಕ್ಕೆ ಬಿಚ್ಚುತ್ತಿದ್ದ. ಅವನು ಬಲು ಕಟ್ಟುನಿಟ್ಟಿನ ಮನುಷ್ಯ. ರೊಟ್ಟಿಯನ್ನು ಕೂಡ ನಾಲ್ಕು ಸಮಭಾಗ ಮಾಡಿ ತಿನ್ನುವವನು. ಅದಕ್ಕೇ ಇರಬೇಕು, ಗೆಳೆಯರೆಲ್ಲ ಸೇರಿ ಚೀಟಿ ಶುರು ಮಾಡಿದಾಗ ಅದನ್ನು ನಡೆಸುವ ಕೆಲಸವನ್ನು ಅವನಿಗೇ ಹೊರಿಸಿದರು. ತಿಂಗಳಿಗೊಮ್ಮೆ ಎಲ್ಲರೂ ಕಂತು ಕೊಡುವುದು. ತಮ್ಮ ತಮ್ಮ ಹೆಸರು ಬರೆದ ಚೀಟಿ ಮಡಚಿ ಹಾಕುವುದು. ಯಾರ ಚೀಟಿ ಬಂತೋ ಅವರಿಗೆ ಆ ತಿಂಗಳ ಹಣವೆಲ್ಲ. ಒಮ್ಮೆ ಹಣ ಎತ್ತಿದವರ ಚೀಟಿ ಮತ್ತೆ ಒಳಗೆ ಬೀಳುವುದಿಲ್ಲ, ಆದರೆ ಕಂತು ಮಾತ್ರ ಕೊನೆಯವರೆಗೂ ಕಟ್ಟಬೇಕು. ಹಾಕಲು ಡಬ್ಬಿ ಬೇಕಲ್ಲ? ಊಟ ಮುಗಿದ ಮೇಲೆ ನನ್ನನ್ನು ತೊಳೆದು, ಒರೆಸಿ, ಒಳಗೆ ಚೀಟಿ ಹಾಕಿದರು. ಅಂದಿನಿಂದ ನನಗೆ ಎರಡು ಕಸುಬು.

ಚೀಟಿ ಎತ್ತುವವಳು ಕಾರ್ಖಾನೆ ಗೇಟಿನ ಬಳಿ ಮಂಡಕ್ಕಿ ಮಾರುವ ಹನುಮಕ್ಕ. ಅವಳಿಗೆ ಓದು ಬಾರದು, ಆದ್ದರಿಂದ ಮೋಸ ಮಾಡಲಾರಳು ಎಂಬ ಲೆಕ್ಕ. ಅವಳ ಚೀಟಿಯಲ್ಲಿ ಹೆಸರಿನ ಬದಲು ಹೆಬ್ಬೆಟ್ಟು. ಹೀಗಿದ್ದೂ ಕಾರ್ಖಾನೆಯ ತೂಕದ ಮನೆಯ ಪಂಚಾಕ್ಷರಪ್ಪ ಒಮ್ಮೆ ತಗಾದೆ ತೆಗೆದ: "ಒಳಗ ನನ್ನ ಚೀಟಿ ಐತೋ ಇಲ್ಲೋ ಯಾವನಿಗೆ ಗೊತ್ತು? ಡಬ್ಬಿ ನಿಂದು, ಓದೋನು ನೀನು." ಕರಿಬಸಪ್ಪ ಕೆಂಪಾದ. ಅಂದೇ ಒಂದು ನಿಯಮ ಮಾಡಿದ. ಒಂದು ಚೀಟಿ ಎತ್ತಿದ ಮೇಲೆ ಉಳಿದವನ್ನೂ ಒಂದೊಂದಾಗಿ ಬಿಚ್ಚಿ ಎಲ್ಲರೆದುರು ಓದಬೇಕು. ಆಮೇಲೇ ಚಹಾ. ಎಷ್ಟೋ ಚೀಟಿ ಮುಗಿದವು, ಹೊಸವು ಹುಟ್ಟಿದವು, ಈ ನಿಯಮ ತಪ್ಪಲಿಲ್ಲ.

ನಿವೃತ್ತಿಯ ದಿನ ಶಾಲು ಹೊದಿಸಿದರು, ಹೊಗಳಿದರು. ಬಂದ ದುಡ್ಡನ್ನೆಲ್ಲ ಕರಿಬಸಪ್ಪ ಹಾಲಮ್ಮನ ಹೆಸರಿಗೆ ಬ್ಯಾಂಕಿನಲ್ಲಿ ಠೇವಣಿ ಇಟ್ಟ. ಮನೆಗೆ ಬಂದು ಆ ಕಾಗದವನ್ನು ತಿರುವಿ ಮುರುವಿ ನೋಡಿದ. "ಇಷ್ಟು ವರ್ಷದ ಬೆವರು ನೋಡು, ಎಷ್ಟು ಹಗುರ ಐತಿ" ಎಂದ.

ಮರುದಿನದಿಂದ ಅವನಿಗೆ ಮನೆಯಲ್ಲಿ ಕೂರಲು ಬಾರದಾಯಿತು. ತಟ್ಟೆಯಲ್ಲಿ ಬಡಿಸಿದರೆ ಊಟ ಸೇರದು. ಹಾಲಮ್ಮ ನನ್ನಲ್ಲಿ ಕಟ್ಟಿಕೊಡಬೇಕು, ಸೈರನ್ ಕೂಗಬೇಕು, ಆಗ ಜಗುಲಿಯ ಮೇಲೆ ಕುಳಿತು ಕೊಕ್ಕೆ ಬಿಚ್ಚುವನು. "ಎರಡು ಹೆಜ್ಜಿ ಒಳಗ ಬಂದ್ರ ಬಿಸೀದು ಉಣಬಹುದು" ಎಂದು ಅವಳು ಗೊಣಗುವಳು. "ಬಿಸೀದು ಅಭ್ಯಾಸ ಇಲ್ಲ" ಎನ್ನುವನು ಇವನು.

ಹೀಗಾಗಿ ಅವನ ಕಾಯಿಲೆ ಮೊದಲು ತಿಳಿದದ್ದು ನನಗೆ. ಮೊದಲು ರೊಟ್ಟಿ ಉಳಿಯಿತು. ಆಮೇಲೆ ಅನ್ನ. ನುಂಗುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಮೆಣಸಿನಕಾಯಿ ಖಾರ ಎನ್ನುತ್ತಿದ್ದ. ಉಳಿದದ್ದನ್ನು ಬೀದಿ ನಾಯಿಗೆ ಹಾಕಿ ನನ್ನನ್ನು ಬರಿದು ಮಾಡಿ ಒಳಗೆ ಕೊಡುತ್ತಿದ್ದ. ದಾವಣಗೆರೆಗೆ ಹೋಗಿ ತೋರಿಸಿಕೊಂಡು ಬಂದ ದಿನ ಮಾತ್ರ ಮುಚ್ಚಿಡಲು ಆಗಲಿಲ್ಲ. ಅನ್ನನಾಳದಲ್ಲಿ ಗಡ್ಡೆ. ತಡ ಮಾಡಬೇಡಿ ಎಂದಿದ್ದರಂತೆ. ಸರಕಾರದ ಕಾರ್ಡಿನಲ್ಲಿ ಅರ್ಧ ಆಗುತ್ತದೆ. ಉಳಿದ ಔಷಧಿ, ಅಲ್ಲಿ ಉಳಿಯುವ ಖರ್ಚು ಕೈಯಿಂದ ಆಗಬೇಕು.

"ಬ್ಯಾಂಕಿನ್ದು ಬಿಡಿಸ್ರಿ" ಎಂದಳು ಹಾಲಮ್ಮ.

"ಅದು ನಿಂದು. ನಾ ಹೋದ ಮ್ಯಾಲ ನಿನ್ನ ಊಟ ಅದು."

"ನನ್ನ ಊಟದ ಚಿಂತಿ ನನಗ ಬಿಡ್ರಿ."

"ಅದನ್ನ ಮುಟ್ಟೋದಿಲ್ಲ. ಚೀಟಿ ಬಂದ್ರ ಆಸ್ಪತ್ರಿ. ಬರಲಿಲ್ಲಾ, ಇಲ್ಲ. ಡಬ್ಬಿ ಏನು ಹೇಳ್ತತೋ ಹಂಗ."

ನಾನು ಏನು ಹೇಳಬಲ್ಲೆ? ನನಗೆ ಕೈಯಿದೆಯೆ, ಬಾಯಿದೆಯೆ? ನಿವೃತ್ತಿಯಾದ ಮೇಲೆ ಚೀಟಿ ಎತ್ತುವುದು ನಮ್ಮ ಜಗುಲಿಗೆ ಬಂದಿತ್ತು; ತಿಂಗಳ ಮೊದಲ ಭಾನುವಾರ ಎಲ್ಲರೂ ಅಲ್ಲಿ ಸೇರಿದರು. ಈ ಸಲದ ಚೀಟಿ ಶುರುವಾಗಿ ಕೆಲವೇ ತಿಂಗಳಾಗಿತ್ತು. ನನ್ನೊಳಗೆ ಇನ್ನೂ ಬಹಳ ಹೆಸರುಗಳಿದ್ದವು. ಕರಿಬಸಪ್ಪ ನನ್ನನ್ನು ಎಂದಿಗಿಂತ ಹೆಚ್ಚು ಹೊತ್ತು ಅಲುಗಾಡಿಸಿದ. ಅವನ ಅಂಗೈ ಒದ್ದೆಯಾಗಿತ್ತು. ನನ್ನೊಳಗಿನ ಕಾಗದವೆಲ್ಲ ತಲೆಕೆಳಗಾಯಿತು. ಅವನ ಚೀಟಿಯನ್ನು ಹೇಗಾದರೂ ಮೇಲೆ ತಳ್ಳಲು ಹವಣಿಸಿದೆ. ಹನುಮಕ್ಕನ ಬೆರಳು ಅದನ್ನು ಸವರಿಕೊಂಡೇ ಹೋಗಿ ಪಕ್ಕದ್ದನ್ನು ಹಿಡಿಯಿತು. ವೆಲ್ಡಿಂಗ್ ಕೆಲಸದ ಬುಡೇನ್‌ಸಾಬನ ಹೆಸರು ಬಂತು. ಕರಿಬಸಪ್ಪ ನಗುತ್ತಲೇ ಅವನಿಗೆ ಹಣ ಎಣಿಸಿದ, ಉಳಿದ ಚೀಟಿಗಳನ್ನೂ ಓದಿದ. ತನ್ನದನ್ನು ಮಾತ್ರ ಬೇಗನೆ ಓದಿ ಮಡಚಿಬಿಟ್ಟ.

ಎಲ್ಲರೂ ಹೋದ ಮೇಲೆ ಹಾಲಮ್ಮ ನನ್ನನ್ನು ಬೂದಿ ಹಾಕಿ ತಿಕ್ಕಿದಳು. ಆ ಸಿಟ್ಟು, ಆ ತಿಕ್ಕಾಟ! ನನ್ನ ಹೆಸರೇ ಅಳಿಸಿಹೋಗುತ್ತದೆಯೋ ಎಂದುಕೊಂಡೆ. ಆಮೇಲೆ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಎಲ್ಲಿಗೋ ಹೋದಳು. ಆ ತಿಂಗಳಲ್ಲಿ ಹೀಗೆ ಹಲವು ಸಲ ಹೋದಳು. ಮಂಡಕ್ಕಿ ತರ್ತೀನಿ ಎನ್ನುವಳು, ಬರಿಗೈಲಿ ಬರುವಳು.

ಮುಂದಿನ ತಿಂಗಳ ಚೀಟಿಯ ಭಾನುವಾರ ಬಂತು. ಕರಿಬಸಪ್ಪ ಆ ಹೊತ್ತಿಗೆ ಗಂಜಿಗೆ ಇಳಿದಿದ್ದ; ಅಂಗಿ ಮೊಳೆಗೆ ತೂಗುಹಾಕಿದಂತೆ ಕಾಣುತ್ತಿತ್ತು. ಒಬ್ಬೊಬ್ಬರಾಗಿ ಬಂದು ಚೀಟಿ ಹಾಕಿದರು. ಮೊದಲನೆಯದು ಬಿದ್ದಾಗ ಮಡಿಕೆ ತುಸು ಬಿಚ್ಚಿಕೊಂಡಿತು. ನಾನು ಓದಿದೆ. ನನ್ನ ಮೈಮೇಲಿನ ಹೆಸರೇ! ಕರಿಬಸಪ್ಪನ ಚೀಟಿ ಇರಬೇಕು ಎಂದುಕೊಂಡೆ. ಎರಡನೆಯದು ಬಿತ್ತು. ಅದರಲ್ಲೂ ಅದೇ. ಮೂರನೆಯದರಲ್ಲೂ ಅದೇ, ಓರೆ ಅಕ್ಷರದಲ್ಲಿ. ಒಂದು ಪೆನ್ಸಿಲಿನದು, ಒಂದು ಕೆಂಪು ಶಾಯಿಯದು. ಓದು ಬಾರದ ನನ್ನ ಹೊಟ್ಟೆಯೊಳಗೆ ನನಗೆ ಬರುವ ಒಂದೇ ಹೆಸರು ತುಂಬಿಹೋಯಿತು. ಸಂತೋಷಪಡಬೇಕೆಂದರೆ ನಿಯಮ ನೆನಪಾಗಿ ತಣ್ಣಗಾದೆ. ಎತ್ತಿದ ಮೇಲೆ ಉಳಿದದ್ದನ್ನೂ ಬಿಚ್ಚುತ್ತಾನಲ್ಲ! ಬಿಟ್ಟಿಯಾಗಿ ಒಂದು ಬೀಡಿಯನ್ನೂ ಯಾರಿಂದಲೂ ತೆಗೆದುಕೊಳ್ಳದ ಮನುಷ್ಯ. ಹಣವನ್ನು ಅಲ್ಲೇ ಎಸೆದು ಒಳಗೆ ಹೋಗಿಬಿಟ್ಟರೆ ಮುಗಿಯಿತು, ಆಸ್ಪತ್ರೆಯೂ ಮುಗಿಯಿತು.

ಹನುಮಕ್ಕ ಎತ್ತಿದಳು. ಅವನು ಬಿಚ್ಚಿದ. ತುಟಿ ಅಲುಗಿತು. "ನಂದು" ಎಂದ.

"ಹೌದೇನು? ಬಾಳ ಚೊಲೋ ಆತು!" ಎಂದು ಎಲ್ಲರೂ ಒಮ್ಮೆಲೇ ಕೂಗಿದರು. ಒಂದಿಷ್ಟು ಬೇಗನೇ ಕೂಗಿದರು ಅನ್ನಿಸಿತು.

ಕರಿಬಸಪ್ಪ ನನ್ನೊಳಗೆ ಕೈಹಾಕಿದ.

"ಇವತ್ತು ಬಿಡೋ ಮಾರಾಯ, ಚಾ ಆರತತಿ" ಎಂದ ಪಂಚಾಕ್ಷರಪ್ಪ. ಆ ನಿಯಮಕ್ಕೆ ಕಾರಣನಾದವನೇ ಅವನು!

"ನಿಯಮ ನಿಯಮನs" ಎಂದು ಕರಿಬಸಪ್ಪ ಒಂದು ಚೀಟಿ ಬಿಚ್ಚಿದ. ನೋಡಿದ. ಬುಡೇನ್‌ಸಾಬ್ ಚಹಾದ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ತಲೆ ಬಗ್ಗಿಸಿದ. ಕರಿಬಸಪ್ಪ ಇನ್ನೊಂದು ಬಿಚ್ಚಿದ. ಮತ್ತೊಂದು. ಅವನ ಕೆನ್ನೆಯ ಎಲುಬು ಏರಿಳಿಯಿತು. ಹಿಂದೆ ತಗಾದೆಯ ದಿನ ಕೆಂಪಾದ ಹಾಗೆಯೇ ಕೆಂಪಾದ.

ಕೊನೆಗೊಂದು ಚೀಟಿ ಬಿಚ್ಚಿ ನಿಂತುಬಿಟ್ಟ. ಅದು ಹನುಮಕ್ಕನದು. ಹೆಬ್ಬೆಟ್ಟಿರಲಿಲ್ಲ. ಅವಳಿಗೆ ಬರೆಯಲು ಬಾರದಲ್ಲ, ಯಾರೋ ಬರೆದುಕೊಟ್ಟಿದ್ದರು. ದಿನಸಿ ಚೀಟಿಯಲ್ಲಿ, ಹಾಲಿನ ಲೆಕ್ಕದಲ್ಲಿ ಅವನು ದಿನವೂ ನೋಡುವ ದುಂಡು ಅಕ್ಷರ. ಬಾಯಲ್ಲಿ ಎಂದೂ ಬಾರದ ಆ ಹೆಸರನ್ನು ಹಾಲಮ್ಮ ಮೊದಲ ಸಲ ಬರೆದಿದ್ದಳು. ಅವನು ಬಾಗಿಲ ಕಡೆ ನೋಡಿದ. ಅವಳು ಒಳಗೆ ಪಾತ್ರೆ ಸದ್ದು ಮಾಡುತ್ತಿದ್ದಳು.

ಕರಿಬಸಪ್ಪ ಮೊದಲ ಚೀಟಿಯನ್ನು ಮತ್ತೆ ಕೈಗೆತ್ತಿಕೊಂಡು, ಪಂಚಾಕ್ಷರಪ್ಪನ ಮುಖವನ್ನೇ ನೋಡುತ್ತಾ ಓದಿದ: "ಪಂಚಾಕ್ಷರಪ್ಪ." ಮುಂದಿನದು ತೆಗೆದ, ಮುಂದಿನವರ ಮುಖ ನೋಡಿದ, ಅವರ ಹೆಸರು ಓದಿದ. ಹೀಗೆ ಒಬ್ಬೊಬ್ಬರನ್ನೂ. ಅಷ್ಟು ವರ್ಷ ಒಂದಕ್ಷರ ತಪ್ಪು ಓದದವನು ಅಂದು ಒಂದನ್ನೂ ಸರಿಯಾಗಿ ಓದಲಿಲ್ಲ. ಕೊನೆಯದಕ್ಕೆ ಬಂದಾಗ, "ಹನುಮಕ್ಕ" ಎಂದ. "ಹೆಬ್ಬೆಟ್ಟಿಗೆ ಶಾಯಿ ಜಾಸ್ತಿ ಆಗೇತಿ ನೋಡಬೇ."

"ಆಗಿರಬೇಕ್ರಿ" ಎಂದಳು ಹನುಮಕ್ಕ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ.

"ಎಲ್ಲಾ ಬರೋಬ್ಬರಿ ಅದಾವು" ಎಂದು ಅವನು ಚೀಟಿಗಳನ್ನು ಒಲೆಗೆ ಹಾಕಲು ಎದ್ದ. ಆದರೆ ಆ ಕೊನೆಯದನ್ನು ಮಾತ್ರ ಜೇಬಿಗೆ ಸೇರಿಸಿದ.

ಹೋಗುವಾಗ ಪಂಚಾಕ್ಷರಪ್ಪ ಒರಟಾಗಿ ಅಂದ: "ಎತ್ತಿದೋನು ಕೊನೀತನಕ ಕಂತು ಕಟ್ಟಬೇಕು, ನೆನಪಿರಲಿ. ನಡುವ ಕೈ ಕೊಟ್ರ ಸುಮ್ನ ಬಿಡಂಗಿಲ್ಲ."

"ಕಂತು ಮುಗಿಯೋತನಕ ಎಲ್ಲೂ ಹೋಗಂಗಿಲ್ಲ, ಹೋಗು" ಎಂದ ಕರಿಬಸಪ್ಪ.

ಮರುದಿನವೇ ದಾವಣಗೆರೆ ಬಸ್ಸು ಹತ್ತಿದೆವು. ಆಸ್ಪತ್ರೆಯ ದಿನಗಳನ್ನು ಹೆಚ್ಚು ಹೇಳಲಾರೆ. ನಾನು ಗಂಜಿ ಹೊತ್ತೆ; ಅರ್ಧ ತುಂಬಿ ಹೋಗಿ ಅರ್ಧ ತುಂಬಿಯೇ ಮರಳಿದೆ. ಒಮ್ಮೆ ಅವನ ಕೈಯಿಂದ ಜಾರಿ ಬಿದ್ದು ಒಂದು ಕಡೆ ನೆಗ್ಗಿದೆ. ಅಂದಿನಿಂದ ಒಂದು ಕೊಕ್ಕೆ ಕೂಡುವುದಿಲ್ಲ. ಮಂಚದ ಮೇಲೆ ಅವನಿಗೆ ನಿದ್ದೆಯಿಲ್ಲ, ಕೂತರೆ ಮಲಗಬೇಕು, ಮಲಗಿದರೆ ಏಳಬೇಕು. "ಈ ತಿಂಗಳ ಕಂತು ಕೊಟ್ಟಿಯೇನು?" ಎಂದು ಹಾಲಮ್ಮನನ್ನು ಮತ್ತೆ ಮತ್ತೆ ಕೇಳುವನು. ನೋವಿಗಿಂತ ಆ ಕಂತೇ ಅವನನ್ನು ಕಾಡುತ್ತಿತ್ತು. ಅದೇ ಅವನನ್ನು ಹಿಡಿದೂ ಇಟ್ಟಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಜೇಬಿಲ್ಲದ ಆಸ್ಪತ್ರೆ ಅಂಗಿ ತೊಡಿಸಿದಾಗ ಅವನು ಆ ಚೀಟಿಯನ್ನು ನನ್ನೊಳಗೆ ಇಟ್ಟ. ಹಾಲಮ್ಮ ಗಂಜಿ ಹಾಕಲು ಬಂದು ಅದನ್ನು ನೋಡಿದಳು. ತನ್ನ ಅಕ್ಷರ. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ಅವಳು ಚೀಟಿಯನ್ನು ದಿಂಬಿನ ಕೆಳಗೆ ಸರಿಸಿದಳು. ನನ್ನನ್ನು ತೊಳೆದು ಒರೆಸಿದ ಮೇಲೆ ಮತ್ತೆ ಒಳಗಿಟ್ಟಳು. ದಿನವೂ ಹೀಗೇ ನಡೆಯಿತು. ಇಬ್ಬರೂ ಅದರ ಮಾತೆತ್ತಲಿಲ್ಲ.

ನಾನಿಲ್ಲದ ತಿಂಗಳುಗಳಲ್ಲಿ ಹನುಮಕ್ಕನ ಮಂಡಕ್ಕಿ ಬುಟ್ಟಿಯಲ್ಲೇ ಚೀಟಿ ಎತ್ತಿದ್ದರಂತೆ. ಚೀಟಿಯ ಕೊನೆಯ ತಿಂಗಳಿಗೆ ಕರಿಬಸಪ್ಪ ಜಗುಲಿಯ ಮೇಲಿದ್ದ. ಅರ್ಧ ಆಳಾಗಿದ್ದ, ದನಿ ಗೊಗ್ಗರಾಗಿತ್ತು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದಿದ್ದರು. ಆದರೂ ತನ್ನ ಕಂತನ್ನು ಎಲ್ಲರಿಗಿಂತ ಮೊದಲು ಇಟ್ಟ. ಉಳಿದದ್ದು ಪಂಚಾಕ್ಷರಪ್ಪನ ಹೆಸರೊಂದೇ.

"ನನ್ನ ಮನಿ ಸೋರಿ ಸೋರಿ ಎರಡು ಮಳಿಗಾಲ ಆತು. ಇನ್ನೇನು ಅಲುಗಾಡಸ್ತಿ, ಕೊಡೋ" ಎಂದ ಅವನು.

"ನಿಯಮ" ಎಂದು ಕರಿಬಸಪ್ಪ ನನ್ನನ್ನು ಅಲುಗಾಡಿಸಿದ. ಹನುಮಕ್ಕ ಕೈಹಾಕಿದಳು. "ಎರಡು ಅದಾವಲ್ರಿ!"

ಕರಿಬಸಪ್ಪನ ಮುಖ ಬಿಳಿಚಿತು. ಆ ಹಳೆಯ ಚೀಟಿಯನ್ನು ತೆಗೆಯಲು ಮರೆತಿದ್ದ.

"ಎರಡು ಹೆಂಗ ಬಂದ್ವು?" ಎಂದು ಪಂಚಾಕ್ಷರಪ್ಪ ಕುತ್ತಿಗೆ ಉದ್ದ ಮಾಡಿದ.

ಹಾಲಮ್ಮ ಹೊರಗೆ ಬಂದಳು. "ಒಂದು ನಂದು. ಇಲ್ಲಿ ಕೊಡ್ರಿ" ಎಂದು ಇಸಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದು ಯಾವ ಚೀಟಿಯೆಂದು ಎಲ್ಲರಿಗೂ ಗೊತ್ತಾಯಿತು, ಅವನು ಅದನ್ನು ಇಷ್ಟು ದಿನ ಜೋಪಾನ ಮಾಡಿದ್ದೂ ಗೊತ್ತಾಯಿತು.

ಹಣ ಎಣಿಸಿಕೊಟ್ಟ ಮೇಲೆ ಕರಿಬಸಪ್ಪ ನನ್ನನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೊಕ್ಕೆಯನ್ನು ಹಾಕಿದ, ತೆಗೆದ. ಆಮೇಲೆ ಕೇಳಿದ: "ಹೊಸ ಚೀಟಿ ಹಾಕೋಣೇನ್ರಿ?"

ಹೊಸ ಚೀಟಿ ಎಂದರೆ ಮತ್ತೆ ಅಷ್ಟು ತಿಂಗಳು ಇರುತ್ತೇನೆಂಬ ಮಾತು. ಎಲ್ಲರೂ ಅವನನ್ನು ನೋಡಿದರು. "ಹಾಕು, ಹಾಕು" ಎಂದ ಬುಡೇನ್‌ಸಾಬ್, "ಯಾವನು ಬ್ಯಾಡ ಅಂತಾನ?"

"ನಂದೂ ಒಂದು ಸೇರಸ್ರಿ" ಎಂದಳು ಹಾಲಮ್ಮ.

"ಏನಂತ ಬರೀಲಿ?"

"ನನ್ನ ಹೆಸರs ಬರೀರಿ. ನಿಮ್ಮದು ಬರದು ಬರದು ಸಾಕಾಗೇತಿ."

ಜಗುಲಿ ತುಂಬ ನಗೆ. ಕರಿಬಸಪ್ಪ ನಕ್ಕು ಕೆಮ್ಮಿದ, ಕೆಮ್ಮಿ ನಕ್ಕ.

ಈಗ ನಾನು ಕಿಟಕಿಯ ಗೂಡಿನಲ್ಲಿದ್ದೇನೆ. ಊಟಕ್ಕೆ ಬೇರೆ ಹೊಸ ಡಬ್ಬಿ ಬಂದಿದೆ. ನನಗೆ ತಿಂಗಳಿಗೆ ಒಂದೇ ದಿನ ಕೆಲಸ. ಉಳಿದ ದಿನ ಅವನ ಕೆಮ್ಮು ಎಣಿಸುತ್ತಾ, ಬಾಗಿಲ ಸದ್ದಿಗೆ ಬೆಚ್ಚುತ್ತಾ ಕೂರುತ್ತೇನೆ. ಮುಂದಿನ ಚೀಟಿಯ ಭಾನುವಾರ ನನ್ನನ್ನು ಅಲುಗಾಡಿಸುವ ಕೈ ಇದೇ ಆಗಿರಲಿ ಎಂದು ಚಡಪಡಿಸುತ್ತೇನೆ. ನೆಗ್ಗಿದ ಮೈಯಲ್ಲಿ ಆ ಹೆಸರಿನ ಚುಕ್ಕೆಗಳು ಸವೆಯುತ್ತಿವೆ. ಹೊಸ ಚೀಟಿಗಳ ನಡುವೆ ಒಂದು ದುಂಡು ಅಕ್ಷರದ ಚೀಟಿ ಬೀಳುತ್ತದೆ, ನನಗೆ ಓದಲು ಬಾರದು. ಕಲಿಯುತ್ತಿದ್ದೇನೆ. ಈ ವಯಸ್ಸಿನಲ್ಲಿ ಇನ್ನೊಂದು ಹೆಸರು ಕಲಿಯಲು ಸ್ವಲ್ಪ ಸಮಯ ಬೇಕು. ಅಷ್ಟು ಕಂತುಗಳು ಇನ್ನೂ ಉಳಿದಿವೆ.